ಪ್ಲೇಲಿಸ್ಟ್ ಸಾಗಿಸಿದ ಮೇಲೆ ಹಾಡುಗಳು ಅದಲುಬದಲು: ‘ಸಿಕ್ಕಿವೆ’ ಅಂದದ್ದರಲ್ಲಿ ತಪ್ಪು ಹುಡುಕೋದು ಹೇಗೆ?

ಮೂರ್ನಾಡು ಮಳೆ (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ಸ್ಪಾಟಿಫೈಯಲ್ಲಿದ್ದ ಸುಮಾರು 640 ಹಾಡಿನ ಒಂದು ಪಟ್ಟಿಯನ್ನು ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಿದ್ದಾಯಿತು. ಒಂದು ವರ್ಗಾವಣೆ ಸೈಟಿನಿಂದ ಮಾಡಿದ್ದು. ಮುಗಿದಾಗ ಅದು ಕೊಟ್ಟ ಲೆಕ್ಕ: 628 ಸಿಕ್ಕಿವೆ, 12 ಸಿಕ್ಕಿಲ್ಲ. ಆ ಹನ್ನೆರಡರ ತಲೆಬಿಸಿ ಇಲ್ಲ, ಹೆಸರು ಎದುರಿಗೇ ಇದೆ, ಕೈಯಲ್ಲಿ ಹುಡುಕಿ ಹಾಕಬಹುದು. ತಲೆಬಿಸಿ ಇರೋದು ಸಿಕ್ಕಿವೆ ಅಂದ 628ರಲ್ಲಿ.

ಈವರೆಗೆ ಕಣ್ಣಿಗೆ ಬಿದ್ದದ್ದು: ಕೆಲವು ಕನ್ನಡ ಸಿನಿಮಾ ಹಾಡುಗಳ ಜಾಗದಲ್ಲಿ ಅದೇ ಟ್ಯೂನಿನ ತೆಲುಗು, ಹಿಂದಿ ಹಾಡು. ಭಾವಗೀತೆಗಳಲ್ಲಿ ಸಾಹಿತ್ಯ ಅದೇ, ಹಾಡಿದವರು ಬೇರೆ. ಅಲ್ಲಲ್ಲಿ ಕರೋಕೆ. ಒಂದು ಕಡೆ ಐದು ನಿಮಿಷದ ಹಾಡಿನ ಜಾಗದಲ್ಲಿ 41 ನಿಮಿಷದ ಜ್ಯೂಕ್‌ಬಾಕ್ಸ್ (ಹಲವು ಹಾಡು ಒಟ್ಟಿಗೆ ಜೋಡಿಸಿದ ವಿಡಿಯೊ). ಪುತ್ತರಿ, ಕೈಲ್ ಪೊಳ್ದ್ ಹಬ್ಬಗಳ ಸಮಯಕ್ಕೆಂದು ಸೇರಿಸಿದ್ದ ಕೊಡವ ಹಾಡುಗಳ ಕತೆಯಂತೂ ಕೇಳಬೇಡಿ, ಹೆಸರಿನ ಒಂದು ಪದ ಹೊಂದಿತು ಅಂತ ಯಾವುದೋ ಮಲಯಾಳಂ ಹಾಡು ಬಂದು ಕೂತಿದೆ. ಸಿಡಿಯಿಂದ ಇಳಿಸಿ ಲೋಕಲ್ ಫೈಲ್ ಆಗಿ ಸೇರಿಸಿದ್ದ ವಾಲಗದ ಟ್ರ್ಯಾಕುಗಳು ಬರಲೇ ಇಲ್ಲ.

ಕೇಳಬೇಕಾದ್ದು ಮೂರು. ಎಲ್ಲವನ್ನೂ ಕೂತು ಕೇಳದೆ ತಪ್ಪು ಹಾಡುಗಳನ್ನು ಹೊರಗೆ ತೆಗೆಯೋದು ಹೇಗೆ? ಸರಿಪಡಿಸುವಾಗ ಹಾಡುಗಳ ಅನುಕ್ರಮ ಕೆಡದಂತೆ ಮಾಡಬಹುದಾ? ಇಲ್ಲ, ಬೇರೆ ಟೂಲ್ ಹಿಡಿದು ಮೊದಲಿಂದ ಓಡಿಸೋದೇ ಮೇಲಾ? ಮಳೆಗಾಲ ಬೇರೆ, ಕರೆಂಟೂ ಟವರೂ ಒಟ್ಟಿಗೇ ಹೋಗುತ್ತವೆ. ಮಧ್ಯದಲ್ಲಿ ನಿಂತರೆ ಏನಾಗುತ್ತೆ ಅನ್ನೋದನ್ನೂ ಹೇಳಿ.


ಎಕ್ಸೆಲ್ ಅಕ್ಕ, ಕುಶಾಲನಗರ

ಮೊದಲು ಮಾಡಬಾರದ ಕೆಲಸ ಹೇಳಿಬಿಡ್ತೇನೆ. ಬೇರೆ ಟೂಲ್ ಹಿಡಿದು ಅದೇ ಪಟ್ಟಿಯ ಮೇಲೆ ಇನ್ನೊಮ್ಮೆ ಓಡಿಸಬೇಡಿ. ಸರಿಯಿದ್ದ ಹಾಡುಗಳು ಎರಡೆರಡಾಗುತ್ತವೆ, ತಪ್ಪಿದ್ದವು ಇದ್ದಲ್ಲೇ ಇರುತ್ತವೆ, ಜತೆಗೆ ಹೊಸ ಟೂಲಿನ ಹೊಸ ತಪ್ಪು. ಸ್ಪಾಟಿಫೈಯ ಮೂಲ ಪಟ್ಟಿಯನ್ನೂ ಅಳಿಸಬೇಡಿ. ಪ್ರೀಮಿಯಂ ನಿಲ್ಲಿಸಿದರೂ ಉಚಿತ ಖಾತೆಯಲ್ಲಿ ಪಟ್ಟಿ ಹಾಗೇ ಉಳಿಯುತ್ತದೆ. ಪೂರ್ತಿ ತಾಳೆ ಆಗುವ ತನಕ ನಿಮಗೆ ಅದೇ ಆಧಾರ.

ಇನ್ನು ಹುಡುಕುವ ಕೆಲಸ. ಎರಡೂ ಕಡೆಯ ಪಟ್ಟಿಯನ್ನು ಶೀಟಿಗೆ ಇಳಿಸಿ ಹಾಡಿನ ಅವಧಿ ತಾಳೆ ನೋಡಿದರೆ ಬಹುಪಾಲು ಕಳ್ಳರು ಅಲ್ಲೇ ಸಿಕ್ಕಿಬೀಳುತ್ತಾರೆ.

ಸ್ಪಾಟಿಫೈ ಡೆಸ್ಕ್‌ಟಾಪ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ, ಲಭ್ಯವಿಲ್ಲದ ಹಾಡುಗಳನ್ನೂ ಪಟ್ಟಿಯಲ್ಲಿ ತೋರಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಪರವಾನಗಿ ಮುಗಿದು ಬೂದು ಬಣ್ಣಕ್ಕೆ ತಿರುಗಿದ ಹಾಡುಗಳು ಇಲ್ಲದಿದ್ದರೆ ಕಣ್ಣಿಗೇ ಬೀಳುವುದಿಲ್ಲ, ನಿಮ್ಮ ಎಣಿಕೆಗೂ ಶೀಟಿನ ಎಣಿಕೆಗೂ ಹೊಂದುವುದಿಲ್ಲ. ಆಮೇಲೆ ಎಕ್ಸ್‌ಪೋರ್ಟಿಫೈ ಎಂಬ ವೆಬ್ ಟೂಲ್‌ನಲ್ಲಿ ಲಾಗಿನ್ ಆಗಿ ಆ ಪಟ್ಟಿಯ ಸಿಎಸ್‌ವಿ (ಶೀಟಿನಲ್ಲಿ ತೆರೆಯುವ ಸರಳ ಪಠ್ಯ ಫೈಲ್) ಇಳಿಸಿಕೊಳ್ಳಿ. ಹಾಡಿನ ಹೆಸರು, ಕಲಾವಿದರು, ಆಲ್ಬಂ, ಬಿಡುಗಡೆ ದಿನಾಂಕ, ಮಿಲಿಸೆಕೆಂಡಿನಲ್ಲಿ ಅವಧಿ ಇವೆಲ್ಲ ಕಾಲಮ್‌ಗಳಾಗಿ ಬರುತ್ತವೆ. ಅವಧಿಯನ್ನು 1000ದಿಂದ ಭಾಗಿಸಿದರೆ ಸೆಕೆಂಡು.

ಯೂಟ್ಯೂಬ್ ಕಡೆಯದು ಸ್ವಲ್ಪ ಕಿರಿಕಿರಿ. ಗೂಗಲ್ ಟೇಕ್‌ಔಟ್‌ನಿಂದ (ನಮ್ಮ ಖಾತೆಯ ಮಾಹಿತಿ ಇಳಿಸಿಕೊಳ್ಳುವ ಸೇವೆ) ಇಳಿಸಿದ ಪಟ್ಟಿಯಲ್ಲಿ ವಿಡಿಯೊ ಐಡಿ ಮತ್ತು ಸೇರಿಸಿದ ಸಮಯ ಬಿಟ್ಟರೆ ಹಾಡಿನ ಹೆಸರು ಕೂಡ ಇರುವುದಿಲ್ಲ, ಈ ಕೆಲಸಕ್ಕೆ ಪ್ರಯೋಜನವಿಲ್ಲ. ಸೌಂಡೀಜ್ ಅಥವಾ ಟ್ಯೂನ್‌ಮೈಮ್ಯೂಸಿಕ್ ಎಂಬ ವರ್ಗಾವಣೆ ಸೈಟಿನಲ್ಲಿ ಯೂಟ್ಯೂಬ್ ಮ್ಯೂಸಿಕ್ಕನ್ನು ಮೂಲವಾಗಿ ಆರಿಸಿ, ಫೈಲ್‌ಗೆ ರಫ್ತು ಮಾಡಿ. ಅದರಲ್ಲಿ ಅವಧಿಯ ಕಾಲಮ್ ಬರದಿದ್ದರೆ ಸಣ್ಣ ಪೈಥಾನ್ ಸ್ಕ್ರಿಪ್ಟಿನ ದಾರಿ ಇದೆ, ಅದನ್ನು ಬಲ್ಲವರು ಇಲ್ಲೇ ಇದ್ದಾರೆ, ಅವರೇ ಬರೆಯಲಿ.

ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಕನ್ನಡ ಅಕ್ಷರಗಳೆಲ್ಲ ಚಿತ್ರವಿಚಿತ್ರ ಗುರುತುಗಳಾಗುವ ಸಾಧ್ಯತೆ ಹೆಚ್ಚು. ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆಗೆ ಹೋಗಿ, ಎನ್‌ಕೋಡಿಂಗ್ ಕಡೆ 65001 ಯುನಿಕೋಡ್ ಯುಟಿಎಫ್-8 ಆರಿಸಿ. ಗೂಗಲ್ ಶೀಟ್ಸ್‌ನಲ್ಲಿ ಇಂಪೋರ್ಟ್ ಮಾಡಿದರೆ ಈ ತಾಪತ್ರಯವೇ ಇಲ್ಲ.

ಮೂಲ ಪಟ್ಟಿಯ ಎಡಕ್ಕೆ 1, 2, 3 ಎಂದು ಕ್ರಮಸಂಖ್ಯೆ ಕೊಟ್ಟುಬಿಡಿ. ಈ ಕಾಲಮ್ಮನ್ನು ಕೊನೆಯವರೆಗೂ ಮುಟ್ಟಬಾರದು. ಆಮೇಲೆ ಸಿಗದ 12 ಹಾಡಿನ ಸಾಲುಗಳನ್ನು ಕತ್ತರಿಸಿ ಬೇರೆ ಶೀಟಿಗೆ ಹಾಕಿ. ಈಗ ಎರಡೂ ಕಡೆ 628 ಸಾಲು. ಯೂಟ್ಯೂಬಿನ ಸಾಲುಗಳನ್ನು ಬಲಕ್ಕೆ ಅಂಟಿಸಿ. ಒಂದೇ ಒಂದು ಸಾಲು ಜಾರಿದ್ದರೂ ಅದರ ಕೆಳಗಿನದೆಲ್ಲ ತಪ್ಪಾಗಿ ಕಾಣುತ್ತದೆ. ಹಾಗಾಗಿ ಮೊದಲು ಕೊನೆಯ ಸಾಲು ನೋಡಿ, ಎರಡೂ ಕಡೆ ಒಂದೇ ಹಾಡು ಇರಬೇಕು. ಇಲ್ಲವೆಂದರೆ 314ನೇ ಸಾಲು ನೋಡಿ. ಅಲ್ಲಿ ಸರಿಯಿದ್ದರೆ ಜಾರಿದ್ದು ಕೆಳಗಿನ ಅರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಎಂಟ್ಹತ್ತು ನೋಟದಲ್ಲಿ ಜಾರಿದ ಜಾಗ ಸಿಗುತ್ತದೆ.

ಈಗ ಒಂದು ಹೊಸ ಕಾಲಮ್‌ನಲ್ಲಿ ಎರಡು ಅವಧಿಗಳ ವ್ಯತ್ಯಾಸ ತೆಗೆಯಿರಿ, ಮೈನಸ್ ಗುರುತು ಬಿಟ್ಟು. ಮೂರು ಸೆಕೆಂಡಿನವರೆಗೆ ತಲೆ ಕೆಡಿಸಿಕೊಳ್ಳಬೇಡಿ. ಕೊನೆಯ ಮೌನ ಕತ್ತರಿಸಿದ್ದು, ಸೆಕೆಂಡನ್ನು ಮೇಲಕ್ಕೋ ಕೆಳಕ್ಕೋ ಸರಿಹೊಂದಿಸಿದ್ದು ಇಷ್ಟಕ್ಕೇ ಅಷ್ಟು ಬರುತ್ತದೆ. 4ರಿಂದ 15 ಇದ್ದರೆ ಆಲ್ಬಂ ಹೆಸರು ಓದಿ ತೀರ್ಮಾನಿಸಿ. ಅಧಿಕೃತ ವಿಡಿಯೊ ಬಂದಿದ್ದರೂ, ಮುಂದೆ ಒಂದು ಡೈಲಾಗ್ ಸೇರಿ ಇಷ್ಟು ವ್ಯತ್ಯಾಸ ಆಗಬಹುದು. 15 ದಾಟಿದ್ದನ್ನು ತಪ್ಪು ಎಂದೇ ಹಿಡಿಯಿರಿ. ನಿಮ್ಮ 41 ನಿಮಿಷದ ಜ್ಯೂಕ್‌ಬಾಕ್ಸ್ ಪಟ್ಟಿಯ ತಲೆಗೇ ಬಂದು ಕೂರುತ್ತದೆ: ಎಡಗಡೆ 298 ಸೆಕೆಂಡು, ಬಲಗಡೆ 2460.

ಅವಧಿಗೆ ಸಿಗದವನ್ನು ಹಿಡಿಯಲು ಯೂಟ್ಯೂಬ್ ಕಡೆಯ ಹೆಸರು ಮತ್ತು ಆಲ್ಬಂ ಕಾಲಮ್‌ಗಳಲ್ಲಿ ಕರೋಕೆ, ಇನ್‌ಸ್ಟ್ರುಮೆಂಟಲ್, ಕವರ್, ಲೋಫೈ, ಸ್ಲೋಡ್, ರೀವರ್ಬ್, ರೀಮಿಕ್ಸ್, ಲೈವ್, ಜ್ಯೂಕ್‌ಬಾಕ್ಸ್, ತೆಲುಗು, ತಮಿಳು, ಹಿಂದಿ, ಮಲಯಾಳಂ ಎಂಬ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ ಬಣ್ಣ ಹಚ್ಚಿ. ಕರೋಕೆ ಟ್ರ್ಯಾಕು ಮೂಲ ಹಾಡಿನಷ್ಟೇ ಉದ್ದ ಇರುವುದೇ ಹೆಚ್ಚು, ಅದು ಸಿಗುವುದು ಇಲ್ಲೇ.


ಸ್ಪೀಕರ್ ಬಾಕ್ಸ್, ವಿರಾಜಪೇಟೆ

ಅಕ್ಕ ಹೇಳಿದ ಜರಡಿ ಸರಿ. ಆದರೆ ಡಬ್ ಆದ ಹಾಡುಗಳು ಆ ಜರಡಿಯಿಂದ ಸಲೀಸಾಗಿ ಜಾರಿ ಹೋಗುತ್ತವೆ. ಯಾಕೆ ಅಂತ ಗೊತ್ತಾದರೆ ಹುಡುಕೋದು ಸುಲಭ.

ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರದ ಗುರುತು ಇರುತ್ತದೆ. ಮೊದಲ ಎರಡು ದೇಶದ ಅಕ್ಷರ, ಮುಂದಿನ ಮೂರು ನೋಂದಾಯಿಸಿದವರದ್ದು, ಆಮೇಲೆ ಎರಡು ಅಂಕಿ ವರ್ಷ, ಕೊನೆಯ ಐದು ಅಂಕಿ ಕ್ರಮಸಂಖ್ಯೆ. ಸ್ಪಾಟಿಫೈಯಿಂದ ಆ್ಯಪಲ್ ಮ್ಯೂಸಿಕ್‌ಗೆ ಹೋಗುವವರಿಗೆ ತಪ್ಪು ಕಡಿಮೆ, ಏಕೆಂದರೆ ಎರಡೂ ಕಡೆ ಟೂಲುಗಳು ಈ ಗುರುತು ಹಿಡಿದೇ ಹಾಡು ಕೇಳಬಹುದು. ಯೂಟ್ಯೂಬಿನಲ್ಲಿ ಹಾಗೆ ಕೇಳುವ ಬಾಗಿಲು ಹೊರಗಿನವರಿಗೆ ತೆರೆದಿಲ್ಲ. ಅಲ್ಲಿ ಟೂಲ್ ಮಾಡೋದು ನಾವು ನೀವು ಮಾಡುವ ಹುಡುಕಾಟವನ್ನೇ: ಹೆಸರು, ಕಲಾವಿದರು ಕೊಟ್ಟು ಮೊದಲು ಬಂದದ್ದನ್ನು ಅಂಕ ಹಾಕಿ ಎತ್ತಿಕೊಳ್ಳೋದು.

ಕನ್ನಡ ಸಿನಿಮಾ ಹಾಡಿನಲ್ಲಿ ಇದು ಎಡವೋದು ಕಲಾವಿದರ ಕಾಲಮ್‌ನಲ್ಲಿ. ಒಂದು ಕಡೆ ಸಂಗೀತ ನಿರ್ದೇಶಕರ ಹೆಸರು ಮೊದಲು, ಇನ್ನೊಂದು ಕಡೆ ಗಾಯಕರದ್ದು. ಮೊದಲ ಹೆಸರನ್ನು ಮಾತ್ರ ಹೋಲಿಸುವ ಟೂಲಿಗೆ ಸರಿಯಾದ ಹಾಡು ತಪ್ಪಾಗಿ, ತಪ್ಪು ಹಾಡು ಸರಿಯಾಗಿ ಕಾಣುತ್ತದೆ. ಐದು ಭಾಷೆಯಲ್ಲಿ ಬಂದ ಸಿನಿಮಾಗಳಲ್ಲಂತೂ ನಿರ್ದೇಶಕರು ಒಬ್ಬರೇ, ಮ್ಯೂಸಿಕ್ ಟ್ರ್ಯಾಕ್ ಒಂದೇ, ಕೆಲವೊಮ್ಮೆ ಗಾಯಕರೂ ಅವರೇ. ಅವಧಿ ಸೆಕೆಂಡಿಗೆ ಸೆಕೆಂಡು ಕೂಡುತ್ತದೆ. ಹೆಸರಿನ ಮುಂದೆ ಬ್ರಾಕೆಟ್‌ನಲ್ಲಿ ಕನ್ನಡ ಎಂದೋ ತೆಲುಗು ಎಂದೋ ಇರುವುದೊಂದೇ ವ್ಯತ್ಯಾಸ. ಎಷ್ಟೋ ಟೂಲುಗಳು ಹೋಲಿಸುವ ಮೊದಲು ಬ್ರಾಕೆಟ್ ಕಿತ್ತು ಬಿಸಾಡುತ್ತವೆ. ಹಾಗಾಗಿ ಹೆಸರುಗಳನ್ನು ಮೊದಲೇ ಶುದ್ಧ ಮಾಡಿ ಸಾಗಿಸಿ ಅಂತ ಯಾರಾದರೂ ಸಲಹೆ ಕೊಟ್ಟರೆ, ಭಾಷೆಯ ಹೆಸರನ್ನು ಮಾತ್ರ ಅಳಿಸಬೇಡಿ. ರೀಮಾಸ್ಟರ್, ಲಿರಿಕಲ್, ಫುಲ್ ವಿಡಿಯೊ ಇಂಥವನ್ನು ಧಾರಾಳವಾಗಿ ಕಿತ್ತುಹಾಕಿ.

ಡಬ್ ಅನುಮಾನ ಇರುವ ಸಾಲುಗಳನ್ನು ಬೇರೆ ಮಾಡಲು 2018ರಿಂದ ಈಚೆಗೆ ಬಂದ ಸಿನಿಮಾ ಹಾಡುಗಳನ್ನು ಬಿಡುಗಡೆ ದಿನಾಂಕದಿಂದ ಫಿಲ್ಟರ್ ಮಾಡಿ. ಕೆಜಿಎಫ್ ಮೊದಲ ಭಾಗ ಐದು ಭಾಷೆಯಲ್ಲಿ ಒಟ್ಟಿಗೇ ಬಂದದ್ದು 2018ರ ಡಿಸೆಂಬರ್‌ನಲ್ಲಿ, ಆಮೇಲೆ ಇಂಥವು ಹೆಚ್ಚಾದವು. ಆ ಸಾಲುಗಳನ್ನು ಮಾತ್ರ ಪ್ಲೇ ಮಾಡಿ, ನೇರ ಒಂದೂಕಾಲು ನಿಮಿಷಕ್ಕೆ ಹಾರಿ. ಶುರುವಿನ ಆಲಾಪ, ಕೋರಸ್ ಎಲ್ಲ ಭಾಷೆಯಲ್ಲೂ ಒಂದೇ ಇರಬಹುದು, ಚರಣಕ್ಕೆ ಬಂದರೆ ಭಾಷೆ ಗೊತ್ತಾಗುತ್ತದೆ.

ಇನ್ನೊಂದು ತಾಳೆ ನೋಡುವ ದಾರಿ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಯೂಟ್ಯೂಬ್ ಮ್ಯೂಸಿಕ್‌ನ ಹಾಡನ್ನು ಮಾಮೂಲು ಯೂಟ್ಯೂಬಿನಲ್ಲಿ ತೆರೆದು ವಿವರಣೆ ಓದಿ. ಕಂಪನಿಯಿಂದಲೇ ಬಂದ ಆಡಿಯೊ ಆದರೆ ಮೇಲೆ ಒದಗಿಸಿದವರ ಹೆಸರು, ಮಧ್ಯೆ ಆಲ್ಬಂ, ವೃತ್ತದೊಳಗೆ ಪಿ ಇರುವ ಗುರುತಿನ ಮುಂದೆ ಕಂಪನಿ ಮತ್ತು ವರ್ಷ, ಕೆಳಗೆ ಯೂಟ್ಯೂಬ್ ತಾನಾಗಿ ರಚಿಸಿದ್ದು ಎಂಬ ಸಾಲು ಇರುತ್ತದೆ. ಸ್ಪಾಟಿಫೈಯ ಆಲ್ಬಂ ಪುಟದ ತಳದಲ್ಲೂ ಅದೇ ಪಿ ಗುರುತಿನ ಸಾಲು ಇದೆ. ಎರಡೂ ಕಡೆ ಕಂಪನಿ, ವರ್ಷ, ಆಲ್ಬಂ ಕೂಡಿದರೆ ಆ ಹಾಡನ್ನು ಇನ್ನು ಮುಟ್ಟುವುದು ಬೇಡ.

ಹಳೆಯ ಹಾಡುಗಳಲ್ಲಿ ಒಂದು ಎಚ್ಚರ. ಐಎಸ್‌ಆರ್‌ಸಿಯಲ್ಲಿರುವ ವರ್ಷ ಗುರುತು ಕೊಟ್ಟ ವರ್ಷ, ಹಾಡು ರೆಕಾರ್ಡ್ ಆದ ವರ್ಷವೇ ಆಗಬೇಕೆಂದಿಲ್ಲ. ಎಪ್ಪತ್ತರ ದಶಕದ ಹಾಡಿನ ಮೇಲೆ 05 ಎಂದಿದ್ದರೆ ಅದನ್ನು ರೀಮೇಕ್ ಅಂದುಕೊಳ್ಳಬೇಡಿ. ಒಂದೇ ಹಾಡು ಸಿನಿಮಾದ ಮೂಲ ಆಲ್ಬಂನಲ್ಲೂ, ಆಯ್ದ ಹಾಡುಗಳ ಸಂಕಲನದಲ್ಲೂ ಬೇರೆ ಬೇರೆ ಗುರುತಿನೊಂದಿಗೆ ಇರುವುದುಂಟು. ಗುರುತು ಕೂಡಿದರೆ ಹಾಡು ಸರಿ. ಕೂಡಲಿಲ್ಲವೆಂದ ಮಾತ್ರಕ್ಕೆ ತಪ್ಪು ಎಂದು ಹೇಳಲಾಗದು, ಅಂಥ ಕಡೆ ಕಿವಿಯೇ ಗತಿ.

ಭಾವಗೀತೆಗೆ ಮಾತ್ರ ಅವಧಿ ಚೆನ್ನಾಗಿ ಕೆಲಸ ಮಾಡುತ್ತದೆ. ನಾಡಗೀತೆಯನ್ನೇ ನೋಡಿ. ಮೈಸೂರು ಅನಂತಸ್ವಾಮಿ ಅವರ ಧಾಟಿ ಇದೆ, ಸಿ. ಅಶ್ವತ್ಥ್ ಅವರದ್ದಿದೆ. 2022ರಲ್ಲಿ ಸರಕಾರ ಅನಂತಸ್ವಾಮಿ ಅವರ ಧಾಟಿಯನ್ನು 2 ನಿಮಿಷ 30 ಸೆಕೆಂಡಿಗೆ ನಿಗದಿ ಮಾಡಿದೆ, ಪೂರ್ಣಪಾಠ ಹಾಡಿದವು ಅದಕ್ಕಿಂತ ಉದ್ದ. ಹೆಸರು ನೋಡಿ ಎತ್ತುವ ಟೂಲಿಗೆ ಇವೆಲ್ಲ ಒಂದೇ. ಅವಧಿಯ ಕಾಲಮ್‌ನಲ್ಲಿ ಥಟ್ಟನೆ ಬೇರೆಯಾಗುತ್ತವೆ.


ಮೂರ್ನಾಡು ಮಳೆ

ಅಕ್ಕ, ಅಣ್ಣ, ಇಬ್ಬರಿಗೂ ಧನ್ಯವಾದ. ಬಲಗಡೆ ಇಳಿಸಿದ ಫೈಲಿನಲ್ಲಿ ಅವಧಿ ಇಲ್ಲವೇ ಇಲ್ಲ. ಮತ್ತೆ, ತಪ್ಪು ಹಾಡು ತೆಗೆದು ಸರಿಯಾದದ್ದು ಸೇರಿಸಿದರೆ ಅದು ಪಟ್ಟಿಯ ಕೊನೆಗೆ ಹೋಗಿ ಕೂರುತ್ತದೆ. 628ನೇ ಜಾಗದಿಂದ 14ನೇ ಜಾಗಕ್ಕೆ ಮೌಸಿನಲ್ಲಿ ಎಳೆಯುವಷ್ಟರಲ್ಲಿ ಪುಟ ಅಲ್ಲಾಡಿ ಎಲ್ಲೋ ಬಿಟ್ಟುಹೋಗುತ್ತೆ.


ತೋಟದಮನೆ ಕೋಡರ್, ಪೊನ್ನಂಪೇಟೆ

ಎಳೆಯೋದನ್ನು ಬಿಡಿ. ಪಟ್ಟಿಯನ್ನು ಶೀಟಿನಲ್ಲೇ ಸರಿಮಾಡಿ, ಅದರಿಂದ ಹೊಸ ಪಟ್ಟಿಯನ್ನೇ ಕಟ್ಟಿ. ಬದಲಾಯಿಸಬೇಕಾದ್ದು ಹತ್ತಕ್ಕಿಂತ ಕಡಿಮೆ ಇದ್ದರೆ ಮಾತ್ರ ಕೈಯಲ್ಲಿ ಎಳೆಯುವುದಕ್ಕೆ ಅರ್ಥವಿದೆ.

ಪೈಥಾನ್‌ಗೆ ವೈಟಿಮ್ಯೂಸಿಕ್‌ಎಪಿಐ ಎಂಬ ಲೈಬ್ರರಿ ಇದೆ. ಗೂಗಲ್‌ನ ಅಧಿಕೃತ ಸಾಮಾನಲ್ಲ, ಬ್ರೌಸರ್‌ನಲ್ಲಿ ಲಾಗಿನ್ ಆದವರ ಹಾಗೆ ನಡೆದುಕೊಳ್ಳುತ್ತದೆ. ಪೈಥಾನ್‌ನ ಪಿಪ್ ಆಜ್ಞೆಯಿಂದ ಇನ್‌ಸ್ಟಾಲ್ ಮಾಡಿ, ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು, ಯೂಟ್ಯೂಬ್ ಮ್ಯೂಸಿಕ್ ಕಳಿಸುವ ಒಂದು ಪೋಸ್ಟ್ ವಿನಂತಿಯ ಹೆಡರ್‌ಗಳನ್ನು (ಲಾಗಿನ್ ಗುರುತು ಇರುವ ಸಾಲುಗಳು) ಕಾಪಿ ಮಾಡಿ ಕೊಟ್ಟರೆ ಅದು ಒಂದು ಜೇಸನ್ ಫೈಲ್ ಮಾಡಿಕೊಳ್ಳುತ್ತದೆ. ಆ ಫೈಲ್ ಪಾಸ್‌ವರ್ಡಿಗೆ ಸಮ. ಸಹಾಯ ಕೇಳುವಾಗ ಅದನ್ನು ಇಲ್ಲಿ ಅಂಟಿಸಿಬಿಡಬೇಡಿ.

ಪಟ್ಟಿ ತರುವ ಆಜ್ಞೆ ಗೆಟ್ ಪ್ಲೇಲಿಸ್ಟ್. ಮಿತಿ ಹೇಳದೆ ಓಡಿಸಿದರೆ 100 ಹಾಡಿಗೆ ನಿಲ್ಲುವಂತೆ ಇಟ್ಟಿದ್ದಾರೆ, ಲಿಮಿಟ್ ಎಂಬಲ್ಲಿ ನನ್ (None) ಎಂದು ಕೊಡಿ. ಪ್ರತಿ ಹಾಡಿಗೂ ವಿಡಿಯೊ ಐಡಿ, ಹೆಸರು, ಕಲಾವಿದರು, ಆಲ್ಬಂ, ಸೆಕೆಂಡಿನಲ್ಲಿ ಅವಧಿ, ಕೊನೆಗೆ ವಿಡಿಯೊದ ಬಗೆ ಬರುತ್ತದೆ. ಎಲ್ಲವನ್ನೂ ಸಿಎಸ್‌ವಿಗೆ ಬರೆಸಿ. ಅಕ್ಕನ ಶೀಟಿನ ಬಲಗಡೆಗೆ ಬೇಕಾದ್ದು ಇದೇ.

ವಿಡಿಯೊದ ಬಗೆಯ ಕಾಲಮ್ ಚಿನ್ನ. ಅದರ ಕೊನೆಯಲ್ಲಿ ಎಟಿವಿ ಎಂದಿದ್ದರೆ ಕಂಪನಿ ಕೊಟ್ಟ ಆಡಿಯೊ. ಒಎಂವಿ ಎಂದಿದ್ದರೆ ಅಧಿಕೃತ ವಿಡಿಯೊ. ಯುಜಿಸಿ ಎಂದಿದ್ದರೆ ಯಾರೋ ಅಪ್‌ಲೋಡ್ ಮಾಡಿದ್ದು. ಕವರ್, ಕರೋಕೆ, ಮೊಬೈಲಿನಲ್ಲಿ ಹಿಡಿದ ಲೈವ್, ವೇಗ ಕಡಿಮೆ ಮಾಡಿದ ಹಾಡು ಇವೆಲ್ಲ ಹೆಚ್ಚಾಗಿ ಈ ಮೂರನೆಯ ಗುಂಪಿನಲ್ಲೇ ಇರುತ್ತವೆ. ನನ್ನ ಮಟ್ಟಿಗೆ ಅವಧಿಗಿಂತ ಮೊದಲು ಈ ಕಾಲಮ್‌ನಿಂದ ವಿಂಗಡಿಸೋದು ಒಳ್ಳೆಯದು. ಯುಜಿಸಿ ಸಾಲುಗಳನ್ನು ಒಂದೊಂದಾಗಿ ನೋಡಲೇಬೇಕು. ಎಟಿವಿ ಸಾಲುಗಳಲ್ಲಿ ಅವಧಿ ಕೂಡಿ, ಭಾಷೆಯೂ ಕೂಡಿದರೆ ಮುಂದೆ ಹೋಗಿ.

ಸರಿಯಾದ ಹಾಡು ಹುಡುಕುವಾಗ ಸರ್ಚ್ ಆಜ್ಞೆಗೆ ಸಾಂಗ್ಸ್ ಎಂಬ ಫಿಲ್ಟರ್ ಕೊಡಿ, ಜ್ಯೂಕ್‌ಬಾಕ್ಸ್ ಕಾಟ ತಪ್ಪುತ್ತದೆ. ಸಿನಿಮಾ ಹಾಡಿಗೆ ಹಾಡಿನ ಹೆಸರು ಮತ್ತು ಸಿನಿಮಾ ಹೆಸರು ಕೊಡಿ, ಗಾಯಕರ ಹೆಸರು ಬೇಡ. ಭಾವಗೀತೆಗೆ, ದಾಸರ ಪದಕ್ಕೆ ಇದರ ಉಲ್ಟಾ: ಹೆಸರು ಮತ್ತು ಗಾಯಕರು. ಬಂದ ಮೊದಲ ಐದು ಫಲಿತಾಂಶದಲ್ಲಿ ಅವಧಿ ಮೂರು ಸೆಕೆಂಡಿನೊಳಗೆ ಹೊಂದುವುದನ್ನು ಎತ್ತಿಕೊಳ್ಳಲು ಸ್ಕ್ರಿಪ್ಟಿಗೆ ಹೇಳಿ. ಯಾವುದೂ ಹೊಂದದಿದ್ದರೆ ಆ ಜಾಗ ಖಾಲಿ ಬಿಡಲಿ. ಹತ್ತಿರದ್ದು ಯಾವುದಾದರೂ ಸಾಕು ಎಂದು ತುಂಬಲು ಬಿಟ್ಟರೆ ಮತ್ತೆ ಇದೇ ಅವತಾರ.

ಕೊನೆಗೆ ಕ್ರಮಸಂಖ್ಯೆಯ ಪ್ರಕಾರ ಶೀಟನ್ನು ಜೋಡಿಸಿ, ವಿಡಿಯೊ ಐಡಿಗಳ ಕಾಲಮ್ಮನ್ನು ಓದಿಸಿ ಹೊಸ ಪಟ್ಟಿ ಮಾಡಿ. ಒಂದೇ ಏಟಿಗೆ 640 ತುರುಕಬೇಡಿ, 50ರ ಕಂತಿನಲ್ಲಿ ಸೇರಿಸಿ, ನಡುವೆ ನಾಲ್ಕೈದು ಸೆಕೆಂಡು ಬಿಡುವು ಕೊಡಿ. ಕರೆಂಟ್ ಹೋಗಿ ನಿಂತರೂ ಎಷ್ಟು ಕಂತು ಮುಗಿದಿದೆ ಅಂತ ಗೊತ್ತಿರುತ್ತದೆ, ಅಲ್ಲಿಂದ ಮುಂದುವರಿಸಬಹುದು. ಮೊದಲಿಂದ ಓಡಿಸಿದರೆ ಹಾಡುಗಳು ಎರಡೆರಡಾಗುತ್ತವೆ. ಫೋನಿನ ಆ್ಯಪ್‌ನಲ್ಲಿ ವರ್ಗಾವಣೆ ಮಾಡುವವರಿಗೂ ಇದೇ ಮಾತು. ಆ ಆ್ಯಪ್‌ಗಳು ಪರದೆ ಆರಿದರೆ, ಇನ್ನೊಂದು ಆ್ಯಪ್‌ಗೆ ಹೋದರೆ ನಿಂತುಬಿಡಬಹುದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತೆ, ಮೋಡೆಮಿಗೆ ಇರೋದಿಲ್ಲ. ಮೋಡೆಮಿಗೊಂದು ಸಣ್ಣ ಯುಪಿಎಸ್ ಇದ್ದರೆ ಮಳೆಗಾಲದಲ್ಲಿ ಇಂಥ ಕೆಲಸ ನೆಮ್ಮದಿಯಾಗಿ ಆಗುತ್ತೆ.

ಅಧಿಕೃತ ಯೂಟ್ಯೂಬ್ ಎಪಿಐಯಲ್ಲೇ (ಪ್ರೋಗ್ರಾಮುಗಳಿಗೆಂದು ತೆರೆದ ಬಾಗಿಲು) ಮಾಡ್ತೇನೆ ಅನ್ನುವವರು ಲೆಕ್ಕ ಹಾಕಿಕೊಳ್ಳಿ. ದಿನಕ್ಕೆ 10,000 ಯೂನಿಟ್ ಕೋಟಾ, ಒಂದು ಹುಡುಕಾಟಕ್ಕೆ 100, ಪಟ್ಟಿಗೆ ಒಂದು ಹಾಡು ಸೇರಿಸಲು 50. ಆ ದರದಲ್ಲಿ ದಿನಕ್ಕೆ 66 ಹಾಡು. 640 ಹಾಡಿಗೆ ಹತ್ತು ದಿನ ಬೇಕು.


ಅರೆಭಾಷೆ ಹುಡುಗ, ಭಾಗಮಂಡಲ

ಎಲ್ಲರೂ ಸಿನಿಮಾ ಹಾಡು ಹಿಡಿದುಕೊಂಡಿದ್ದೀರಿ, ಕೊಡವ ಹಾಡುಗಳ ವಿಷಯ ಬಾಕಿ ಇದೆ. ಇದಕ್ಕೆ ಮೇಲಿನ ಯಾವ ಉಪಾಯವೂ ಪೂರ್ತಿ ನಡೆಯುವುದಿಲ್ಲ.

ಮೊದಲನೆಯ ಕಾರಣ ಕಾಗುಣಿತ. ಪುತ್ತರಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಎರಡು ಟಿ ಹಾಕಿ ಬರೆಯುವವರಿದ್ದಾರೆ, ಟಿಎಚ್ ಹಾಕುವವರಿದ್ದಾರೆ, ಎಚ್‌ನಿಂದ ಶುರುಮಾಡಿ ಹುತ್ತರಿ ಎಂದು ಹಾಕುವವರೂ ಇದ್ದಾರೆ. ಕೈಲ್ ಪೊಳ್ದ್‌ನಲ್ಲಿ ಳಕಾರ ಬರೀ ಎಲ್ ಆಗುತ್ತದೆ, ಕೊನೆಗೆ ಒಬ್ಬರು ಡಿ ಹಾಕಿದರೆ ಇನ್ನೊಬ್ಬರು ಡಿಎಚ್‌ಯು ಹಾಕುತ್ತಾರೆ. ಉಮ್ಮತ್ತಾಟ್, ಬೊಳಕಾಟ್ ಕುಣಿತಗಳ ಹೆಸರಿನ ಕೊನೆಯ ಟಕಾರದಲ್ಲೂ ಇದೇ ಗೊಂದಲ. ಹೋಲಿಸುವ ಟೂಲಿಗೆ ಇವೆಲ್ಲ ಬೇರೆ ಬೇರೆ ಪದ. ಹತ್ತಿರದ್ದು ಹುಡುಕಲು ಹೋಗಿ ಕೇರಳದ ಹಾಡಿನ ಮೇಲೆ ಕೈ ಇಡುತ್ತದೆ. ನಿಮ್ಮ ಶೀಟಿನಲ್ಲಿ ಕೊಡವ ಹಾಡುಗಳಿಗೆ ಒಂದು ಬಣ್ಣ ಹಚ್ಚಿ, ಹೆಸರಿನ ಪಕ್ಕದಲ್ಲಿ ಮೂರು ನಾಲ್ಕು ಕಾಗುಣಿತ ಬರೆದಿಡಿ, ಕನ್ನಡ ಲಿಪಿಯದ್ದೂ ಒಂದು ಇರಲಿ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಇಂಗ್ಲಿಷ್‌ನಲ್ಲಿ ಸಿಗದ ಹಾಡುಗಳು ಸಿಗುವುದುಂಟು, ಏಕೆಂದರೆ ಅಪ್‌ಲೋಡ್ ಮಾಡಿದವರು ಹೆಸರನ್ನೋ ವಿವರಣೆಯನ್ನೋ ಕನ್ನಡದಲ್ಲೇ ಬರೆದಿರುತ್ತಾರೆ. ಹೆಸರಿನ ಜತೆ ಕೊಡವ ಅಥವಾ ಕೊಡಗು ಎಂಬ ಪದ ಸೇರಿಸಿ.

ಎರಡನೆಯದು, ಹುಡುಕುವ ಜಾಗ. ಪೊನ್ನಂಪೇಟೆಯವರು ಹೇಳಿದ ಸಾಂಗ್ಸ್ ಫಿಲ್ಟರ್ ಇಲ್ಲಿ ತಿರುಗುಬಾಣ. ಕೊಡವ ಮತ್ತು ಅರೆಭಾಷೆ ಹಾಡುಗಳು ಎಷ್ಟೋ ಬರೀ ವಿಡಿಯೊ ಆಗಿ ಯೂಟ್ಯೂಬಿನಲ್ಲಿವೆ, ಕಂಪನಿಯ ಆಡಿಯೊ ಆಗಿ ಬಂದಿಲ್ಲ. ಅವು ಸಿಗುವುದು ವಿಡಿಯೋಸ್ ಫಿಲ್ಟರ್‌ನಲ್ಲಿ. ಯುಜಿಸಿ ಎಂದು ತೋರಿಸಿದ ಮಾತ್ರಕ್ಕೆ ಈ ಹಾಡುಗಳನ್ನು ಅನುಮಾನಿಸಬೇಡಿ, ಹಾಡಿದವರ ಸ್ವಂತ ಚಾನೆಲ್ಲೇ ಆಗಿರಬಹುದು. ಚಾನೆಲ್ ಹೆಸರು ನೋಡಿ ತೀರ್ಮಾನಿಸಿ. ಒಂದೇ ಹಾಡು ನಾಲ್ಕು ಚಾನೆಲ್‌ನಲ್ಲಿದ್ದರೆ ಹಾಡಿದವರದ್ದನ್ನೋ ಆಲ್ಬಂ ತಂದವರದ್ದನ್ನೋ ಆರಿಸಿ. ಬೇರೆಯವರು ಹಾಕಿದ್ದು ಹಕ್ಕಿನ ತಕರಾರಿನಲ್ಲಿ ಯಾವತ್ತು ಬೇಕಾದರೂ ಹೋಗಬಹುದು, ಆಗ ನಿಮ್ಮ ಪಟ್ಟಿಯಲ್ಲಿ ಅಳಿಸಿದ ವಿಡಿಯೊ ಎಂಬ ಖಾಲಿ ಸಾಲು ಉಳಿಯುತ್ತದೆ, ಯಾವ ಹಾಡು ಇತ್ತೆಂಬುದೇ ಗೊತ್ತಾಗದು. ಹಾಗಾಗಿ ಕೆಲಸ ಮುಗಿದ ಮೇಲೆ ಶೀಟನ್ನು ಬಿಸಾಡಬೇಡಿ.

ವಾಲಗದ ಲೋಕಲ್ ಫೈಲುಗಳು ಬಾರದಿರುವುದು ತಪ್ಪಲ್ಲ, ಅವು ಬರುವುದೇ ಇಲ್ಲ. ಸ್ಪಾಟಿಫೈಯ ಪಟ್ಟಿಯಲ್ಲಿ ಇರುವುದು ನಿಮ್ಮ ಕಂಪ್ಯೂಟರಿನ ಫೈಲಿನ ಹೆಸರಷ್ಟೇ, ಆಡಿಯೊ ಅವರ ಬಳಿ ಇಲ್ಲ, ಐಎಸ್‌ಆರ್‌ಸಿಯೂ ಇಲ್ಲ. ಅದೃಷ್ಟಕ್ಕೆ ಟೂಲ್ ಅವನ್ನು ಬಿಟ್ಟಿದೆ. ಟ್ರ್ಯಾಕ್ 03 ಎಂಬ ಹೆಸರನ್ನು ಹುಡುಕಿ ತಂದಿದ್ದರೆ ವಾಲಗದ ಜಾಗದಲ್ಲಿ ಏನು ಬರುತ್ತಿತ್ತೋ!

ಅವನ್ನು ಯೂಟ್ಯೂಬ್ ಮ್ಯೂಸಿಕ್‌ಗೆ ನೀವೇ ಅಪ್‌ಲೋಡ್ ಮಾಡಬೇಕು. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಯೂಟ್ಯೂಬ್ ಮ್ಯೂಸಿಕ್ ತೆರೆದು, ಬಲಮೇಲಿನ ನಿಮ್ಮ ಚಿತ್ರದ ಮೇಲೆ ಒತ್ತಿ, ಅಪ್‌ಲೋಡ್ ಮ್ಯೂಸಿಕ್. ಫೋನಿನ ಆ್ಯಪ್‌ನಲ್ಲಿ ಈ ಆಯ್ಕೆ ಇಲ್ಲ. ಫ್ಲ್ಯಾಕ್, ಎಂ4ಎ, ಎಂಪಿ3, ಒಜಿಜಿ, ಡಬ್ಲ್ಯುಎಂಎ ನಡೆಯುತ್ತವೆ. ಸಿಡಿಯಿಂದ ವೇವ್ ಆಗಿ ಇಳಿಸಿದ್ದರೆ ಮೊದಲು ಫ್ಲ್ಯಾಕ್‌ಗೆ ಬದಲಿಸಿ, ಗುಣಮಟ್ಟ ಒಂದಿನಿತೂ ಹೋಗುವುದಿಲ್ಲ.


ಮೂರ್ನಾಡು ಮಳೆ

ಸರಿ, ದಾರಿ ಕಾಣಿಸಿತು. ವಾಲಗದ್ದು ಒಂದು ಸಿಡಿಯಲ್ಲಿ ಮೂವತ್ತು ನಿಮಿಷ ಒಂದೇ ಟ್ರ್ಯಾಕ್ ಇದೆ. ಬೇಕಾದ್ದು ಅದರ ನಡುವಿನ ಎರಡು ತುಂಡು ಮಾತ್ರ. ಮತ್ತೆ, ಅಪ್‌ಲೋಡ್ ಆದಮೇಲೆ ಹೆಸರು ಬದಲಿಸಬಹುದು ತಾನೇ? ಪಟ್ಟಿಯನ್ನು ಮನೆಯ ಉಳಿದವರಿಗೂ ಹಂಚಬೇಕು.


ಅರೆಭಾಷೆ ಹುಡುಗ, ಭಾಗಮಂಡಲ

ಬದಲಿಸಲು ಆಗುವುದಿಲ್ಲ, ಅದಕ್ಕೇ ಹೆಸರನ್ನು ಮೊದಲೇ ಸರಿಮಾಡಿ. ಟ್ರ್ಯಾಕನ್ನು ಆಡಾಸಿಟಿ ಎಂಬ ಆಡಿಯೊ ಎಡಿಟರ್‌ನಲ್ಲಿ ತೆರೆದು, ಬೇಕಾದ ಭಾಗವನ್ನು ಮೌಸಿನಲ್ಲಿ ಆಯ್ದು ಕಂಟ್ರೋಲ್ ಮತ್ತು ಬಿ ಒತ್ತಿದರೆ ಅಲ್ಲೊಂದು ಲೇಬಲ್ ಬೀಳುತ್ತದೆ, ಅದಕ್ಕೆ ಹೆಸರು ಕೊಡಿ. ಎರಡನೆಯ ಭಾಗಕ್ಕೂ ಹಾಗೇ. ಆಮೇಲೆ ಲೇಬಲ್ ಪ್ರಕಾರ ಒಂದಕ್ಕಿಂತ ಹೆಚ್ಚು ಫೈಲ್ ರಫ್ತು ಮಾಡುವ ಆಯ್ಕೆಯಲ್ಲಿ ಫ್ಲ್ಯಾಕ್ ಆರಿಸಿ. ವಾಲಗ ಥಟ್ಟನೆ ಶುರುವಾದ ಹಾಗೆ ಕೇಳಬಾರದೆಂದರೆ ತುಂಡಿನ ಮೊದಲ ಎರಡು ಸೆಕೆಂಡಿಗೆ ಫೇಡ್ ಇನ್, ಕೊನೆಯ ಮೂರಕ್ಕೆ ಫೇಡ್ ಔಟ್ ಕೊಡಿ.

ಹೆಸರು, ಕಲಾವಿದರು, ಆಲ್ಬಂ, ಕವರ್ ಚಿತ್ರ ಇವನ್ನು ವಿಂಡೋಸ್‌ನಲ್ಲಿ ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರಿನಿಂದ ತುಂಬಿ, ಹೆಸರಿನಲ್ಲಿ ಎಂಪಿ3 ಇದ್ದರೂ ಫ್ಲ್ಯಾಕ್‌ಗೂ ನಡೆಯುತ್ತದೆ. ಆಲ್ಬಂ ಮತ್ತು ಆಲ್ಬಂ ಆರ್ಟಿಸ್ಟ್ ಎಲ್ಲ ಫೈಲಿಗೂ ಅಕ್ಷರ ಬಿಡದೆ ಒಂದೇ ಇರಲಿ, ಇಲ್ಲದಿದ್ದರೆ ಒಂದೊಂದು ಟ್ರ್ಯಾಕೂ ಒಂದೊಂದು ಆಲ್ಬಂ ಆಗಿ ಹರಡಿಕೊಳ್ಳುತ್ತದೆ. ಹೆಸರು ತಪ್ಪಿ ಅಪ್‌ಲೋಡ್ ಆದದ್ದಕ್ಕೆ ಅಳಿಸಿ ಮತ್ತೆ ಹಾಕೋದೊಂದೇ ದಾರಿ.

ಹಂಚುವ ವಿಷಯ: ಅಪ್‌ಲೋಡ್ ಮಾಡಿದ ಹಾಡು ನಿಮ್ಮ ಖಾತೆಗೆ ಮಾತ್ರ. ಪಟ್ಟಿಯ ಲಿಂಕ್ ಕಳಿಸಿದರೆ ಮನೆಯವರಿಗೆ ಉಳಿದ ಹಾಡು ಸಿಗುತ್ತವೆ, ವಾಲಗ ಸಿಗುವುದಿಲ್ಲ. ಹಾಗಾಗಿ ವಾಲಗದ ತುಂಡುಗಳನ್ನು ಈ ದೊಡ್ಡ ಪಟ್ಟಿಗೆ ಸೇರಿಸದೆ ಬೇರೆ ಪಟ್ಟಿ ಮಾಡಿ, ಅದೇ ಫ್ಲ್ಯಾಕ್ ಫೈಲುಗಳನ್ನು ಪೆನ್‌ಡ್ರೈವಿಗೂ ಹಾಕಿ ಮನೆಯವರಿಗೆ ಕೊಡಿ. ಕೂಟದ ದಿನ ನೆಟ್‌ವರ್ಕ್ ಇಲ್ಲದಿದ್ದರೂ ಆಂಪ್ಲಿಫೈಯರ್‌ಗೆ ಚುಚ್ಚಿ ಹಾಕಬಹುದು. ಚುಚ್ಚುವ ಮೊದಲು ಆ ಆಂಪ್ಲಿಫೈಯರ್ ಫ್ಲ್ಯಾಕ್ ಓದುತ್ತದಾ ನೋಡಿಕೊಳ್ಳಿ, ಹಳೆಯವು ಎಂಪಿ3 ಮಾತ್ರ ಓದುತ್ತವೆ. ಅಂಥದ್ದಕ್ಕೆ 320 ಕೆಬಿಪಿಎಸ್‌ನಲ್ಲಿ ಇನ್ನೊಂದು ಪ್ರತಿ ಮಾಡಿಡಿ.